ಒಡವೆಗಳಾಚೆಯ ಗೌರಮ್ಮ

ಕೊಡಗಿನ ಗೌರಮ್ಮನವರ ಹೆಸರನ್ನು ಕೇಳದ ಕನ್ನಡ ಓದುಗರು ಕಡಿಮೆ. ಆದರೆ ಅವರ ಬಗ್ಗೆ ನಮಗೆ ಏನು ಗೊತ್ತು ಎಂದು ಕೇಳಿಕೊಂಡರೆ ಹೆಚ್ಚಿನವರ ನೆನಪು ಮೂರು ಸಂಗತಿಗಳಾಚೆಗೆ ಚಾಚುವುದಿಲ್ಲ. ಗಾಂಧೀಜಿ ಕೊಡಗಿಗೆ ಬಂದಾಗ ಉಪವಾಸ ಕುಳಿತು ಅವರನ್ನು ತಮ್ಮ ಮನೆಗೆ ಕರೆಸಿಕೊಂಡರು. ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದರು. ಇಪ್ಪತ್ತೇಳನೆಯ ವಯಸ್ಸಿನಲ್ಲಿ ನೀರಿನ ಸುಳಿಗೆ ಸಿಕ್ಕಿ ತೀರಿಕೊಂಡರು. ಮೂರೂ ನಿಜವೇ. ಆದರೆ ಮೂರರಲ್ಲಿ ಒಂದೂ ಅವರ ಕಥೆಗಳನ್ನು ಕುರಿತದ್ದಲ್ಲ. ಮೈಮೇಲಿನ ಒಡವೆಯನ್ನು ಕಳಚಿಟ್ಟ ಹೆಣ್ಣಿಗೆ, ಕಳಚಿಟ್ಟ ಆ ಪ್ರಸಂಗವನ್ನೇ ನಾವು ಮತ್ತೊಂದು ಒಡವೆಯಾಗಿ ತೊಡಿಸಿದ್ದೇವೆ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವಿದೆ. ಯಾರ ಹಂಗಿಗೂ ಒಳಗಾಗದೆ ತನಗೆ ಕಂಡದ್ದನ್ನೇ ಮಾಡಬೇಕೆಂಬ ಹಂಬಲ ಇಂದು ಹಲವು ಕ್ಷೇತ್ರಗಳಲ್ಲಿದೆ. ದೊಡ್ಡ ಕಂಪನಿಯ ಕೆಲಸ ಬಿಟ್ಟು ತಮ್ಮದೇ ಹೆಸರಿನಲ್ಲಿ ಉಡುಪು ವಿನ್ಯಾಸಕ್ಕೆ ಇಳಿದವರು, ಸ್ವಂತ ಹಣದಲ್ಲಿ ಸಿನಿಮಾ ತೆಗೆಯುವವರು, ಪ್ರಕಾಶಕರನ್ನು ಕಾಯದೆ ಪುಸ್ತಕ ಹೊರತರುವವರು ನಮ್ಮ ಸುತ್ತ ಇದ್ದಾರೆ. ಅವರೆಲ್ಲರನ್ನೂ ಕಾಡುವ ಪ್ರಶ್ನೆ ಒಂದೇ: ಗಿರಾಕಿ ಕೇಳಿದ್ದನ್ನು ಕೊಡಬೇಕೆ, ನನಗೆ ಸರಿ ಕಂಡದ್ದನ್ನು ಮಾಡಬೇಕೆ? ಕೊಡಗಿನ ಮಟ್ಟಿಗೆ ಈ ಪ್ರಶ್ನೆ ಇನ್ನಷ್ಟು ತೊಡಕಿನದು. ನೆರಿಗೆಯನ್ನು ಹಿಂದಕ್ಕೆ ಇಟ್ಟು ಉಡುವ ಸೀರೆ, ಕಪ್ಪು ಕುಪ್ಯ, ಸೊಂಟದ ಚೇಲೆ, ಅದಕ್ಕೆ ಸಿಕ್ಕಿಸಿದ ಪೀಚೆಕತ್ತಿ - ಹೊರಗಿನವರ ಕಣ್ಣಿಗೆ ಕೊಡಗೆಂದರೆ ಮೊದಲು ಉಡುಪು. ಅಲ್ಲಿಂದ ಬಂದ ಕಲಾವಿದ ಏನು ಮಾಡಿದರೂ ಅದರಲ್ಲಿ ಈ ಗುರುತುಗಳನ್ನು ಹುಡುಕುವುದು ನಮಗೆ ರೂಢಿಯಾಗಿದೆ. ಹಾಗೆ ಹುಡುಕುವವರನ್ನು ಮೆಚ್ಚಿಸುವ ಗೊಡವೆಗೇ ಹೋಗದ ಒಬ್ಬ ಲೇಖಕಿ ಸುಮಾರು ತೊಂಬತ್ತು ವರ್ಷಗಳ ಹಿಂದೆಯೇ ಅದೇ ನೆಲದಲ್ಲಿ ಇದ್ದರು. ಸ್ವತಂತ್ರ ಕಲಾವಿದೆ ಎಂದರೆ ಯಾರು ಎಂಬ ಚರ್ಚೆಗೆ ಗೌರಮ್ಮನವರ ಬದುಕು ನಮ್ಮ ಹತ್ತಿರದ, ನಮ್ಮ ಭಾಷೆಯ ನಿದರ್ಶನ.

ಗೌರಮ್ಮ ಹುಟ್ಟಿದ್ದು 1912ರಲ್ಲಿ, ಮಡಿಕೇರಿಯಲ್ಲಿ. ತಂದೆ ಎನ್.ಎಸ್. ರಾಮಯ್ಯ ವಕೀಲರು. ತಾಯಿ ನಂಜಮ್ಮ ಮಗಳು ಚಿಕ್ಕವಳಿದ್ದಾಗಲೇ ತೀರಿಕೊಂಡರು. ಮಡಿಕೇರಿಯ ಕಾನ್ವೆಂಟಿನಲ್ಲಿ ಓದು ನಡೆಯಿತು. 1925ರಲ್ಲಿ ಬಿ.ಟಿ. ಗೋಪಾಲಕೃಷ್ಣ ಅವರೊಂದಿಗೆ ಮದುವೆಯಾಯಿತು. ಆಗ ಹುಡುಗಿಗೆ ಹದಿಮೂರು ವರ್ಷ. ಹೆಣ್ಣಿಗೆ ಹದಿನಾಲ್ಕು, ಗಂಡಿಗೆ ಹದಿನೆಂಟು ಎಂದು ಮದುವೆಯ ಕನಿಷ್ಠ ವಯಸ್ಸನ್ನು ನಿಗದಿ ಮಾಡಿದ ಶಾರದಾ ಕಾಯಿದೆ ಅಂಗೀಕಾರವಾದದ್ದು 1929ರಲ್ಲಿ. ಅಂದರೆ ಅವರ ಮದುವೆ ಆ ಕಾಯಿದೆಗೂ ನಾಲ್ಕು ವರ್ಷ ಹಿಂದಿನದು. ಆ ಕಾಲದ ಬ್ರಾಹ್ಮಣ ಮನೆತನಗಳಲ್ಲಿ ಇದು ಅಪರೂಪವೇನಲ್ಲ. ಇದನ್ನು ಇಲ್ಲಿ ನೆನಪಿಸುವುದು ಒಂದೇ ಕಾರಣಕ್ಕೆ. ಮುಂದೆ ಅವರು ಬರೆದ ಬಾಲ್ಯವಿವಾಹ, ವೈಧವ್ಯ, ಮರುಮದುವೆಗಳ ಸಮಸ್ಯೆ ಅವರ ಪಾಲಿಗೆ ಪತ್ರಿಕೆಗಳಲ್ಲಿ ಓದಿ ತಿಳಿದ ವಿಷಯವಾಗಿರಲಿಲ್ಲ. ಅದು ಅವರ ಓರಗೆಯ ಹುಡುಗಿಯರ ಬದುಕೇ ಆಗಿತ್ತು.

ಗೋಪಾಲಕೃಷ್ಣ ಅವರು ಸುಂಟಿಕೊಪ್ಪದ ಬಳಿ, ಗುಂಡುಕುಟ್ಟಿ ಮಂಜುನಾಥಯ್ಯನವರ ಕಾಫಿ ತೋಟದಲ್ಲಿ ವ್ಯವಸ್ಥಾಪಕರಾಗಿದ್ದರು. ಗೌರಮ್ಮನವರ ಸಂಸಾರ ನಡೆದದ್ದು ಈ ತೋಟದ ಪರಿಸರದಲ್ಲಿ. ಅಂದಿನ ಕೊಡಗಿನ ಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಬೇಕು. 1834ರಲ್ಲಿ ಬ್ರಿಟಿಷರ ವಶವಾದ ಕೊಡಗು ಮೈಸೂರು ಸಂಸ್ಥಾನಕ್ಕೆ ಸೇರಿರಲಿಲ್ಲ. ಚೀಫ್ ಕಮಿಷನರ ಆಡಳಿತದ ಪ್ರತ್ಯೇಕ ಪ್ರಾಂತ್ಯವಾಗಿತ್ತು. ಕನ್ನಡ ನಾಡಿನೊಂದಿಗೆ ಅದು ಒಂದಾದದ್ದು 1956ರಲ್ಲಿ. ಹೊಸಗನ್ನಡ ಸಾಹಿತ್ಯದ ಕೇಂದ್ರಗಳು ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರುಗಳಲ್ಲಿದ್ದವು. 1932ರಲ್ಲಿ ಡಿ.ವಿ. ಗುಂಡಪ್ಪನವರ ಅಧ್ಯಕ್ಷತೆಯಲ್ಲಿ ಮಡಿಕೇರಿಯಲ್ಲೇ ಸಾಹಿತ್ಯ ಸಮ್ಮೇಳನ ನಡೆಯಿತು, ನಿಜ. ಆದರೆ ಸಮ್ಮೇಳನ ಮುಗಿದ ಮೇಲೆ ತೋಟದ ಮನೆಯ ಗೃಹಿಣಿಗೆ ಉಳಿಯುವ ಸಾಹಿತ್ಯ ಸಂಪರ್ಕವೆಂದರೆ ಅಂಚೆಯೊಂದೇ. ಕಾಲೇಜಿಲ್ಲ, ಗೆಳೆಯರ ಗುಂಪಿಲ್ಲ, ಬರೆದದ್ದನ್ನು ಓದಿ ಹೇಳಲು ಸಂಜೆಯ ಗೋಷ್ಠಿಯಿಲ್ಲ. ಅಂಥ ಒಂಟಿತನದಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, 1931ರ ಹೊತ್ತಿಗೆ ಅವರು ಕಥೆ ಬರೆಯಲು ತೊಡಗಿದರು. ಮೊದಲ ಕಥೆಯ ಹೆಸರು 'ಪುನರ್ವಿವಾಹ'. ಅಳುಕುತ್ತ ಅಂಚಿನಿಂದ ಒಳಹೊಕ್ಕವರ ವಿಷಯವಲ್ಲ ಅದು. ನೇರವಾಗಿ ನಡುಮನೆಗೇ ಕಾಲಿಟ್ಟಂತೆ.

ಆ ಕಥೆಗಳ ಕೆಳಗೆ ಅಚ್ಚಾಗುತ್ತಿದ್ದ ಹೆಸರು ಶ್ರೀಮತಿ ಬಿ.ಟಿ.ಜಿ. ಕೃಷ್ಣ ಎಂದು. ಗಂಡನ ಹೆಸರಿನ ಇಂಗ್ಲಿಷ್ ರೀತಿಯ ಮೊದಲಕ್ಷರಗಳ ಹಿಂದೆ ಗೌರಮ್ಮ ಎಂಬ ಹೆಸರೇ ಕಾಣಿಸುವುದಿಲ್ಲ. ಇಂದಿನ ಕಣ್ಣಿಗೆ ಇದು ಅಧೀನತೆಯ ಗುರುತಾಗಿ ಕಾಣಬಹುದು. ನಾನು ಹಾಗೆ ತೀರ್ಮಾನಿಸಲು ಹಿಂಜರಿಯುತ್ತೇನೆ. ಹೆಸರಿನ ವಿಷಯದಲ್ಲಿ ಕಾಲದ ರೂಢಿಗೆ ತಲೆಬಾಗಿದವರು ಕಥೆಯ ಒಳಗೆ ರೂಢಿಗೆ ಸೊಪ್ಪು ಹಾಕಲಿಲ್ಲ. ಮುಖಪುಟದಲ್ಲಿ ತನ್ನ ಹೆಸರನ್ನು ಎದ್ದು ಕಾಣಿಸಿ, ಒಳಗೆ ಊರು ಮೆಚ್ಚುವ ಮಾತನ್ನೇ ಬರೆಯುವವರು ಎಲ್ಲ ಕಾಲದಲ್ಲೂ ಇದ್ದಾರೆ. ಗೌರಮ್ಮನವರದು ಅದಕ್ಕೆ ತದ್ವಿರುದ್ಧವಾದ ದಾರಿ.

ಇನ್ನು ಒಡವೆಯ ಪ್ರಸಂಗ. 1933ರ ನವೆಂಬರಿನಲ್ಲಿ ಗಾಂಧೀಜಿ ಅಸ್ಪೃಶ್ಯತೆಯ ವಿರುದ್ಧ ದೇಶಸಂಚಾರ ಆರಂಭಿಸಿದರು. ಹೋದಲ್ಲೆಲ್ಲ ನಿಧಿ ಸಂಗ್ರಹಿಸುವುದು, ಹೆಣ್ಣುಮಕ್ಕಳು ಮುಂದೆ ಬಂದು ಬಳೆ, ಸರಗಳನ್ನು ತೆಗೆದುಕೊಡುವುದು ಆ ಯಾತ್ರೆಯ ನಿತ್ಯದ ದೃಶ್ಯವಾಯಿತು. 1934ರ ಜನವರಿಯಲ್ಲಿ ನೆರೆಯ ಮಲಬಾರಿನ ವಡಗರದಲ್ಲಿ ಕೌಮುದಿ ಎಂಬ ಹದಿಹರೆಯದ ಹುಡುಗಿ ತನ್ನೆಲ್ಲ ಆಭರಣಗಳನ್ನು ಕಳಚಿಕೊಟ್ಟದ್ದನ್ನು ಗಾಂಧೀಜಿ ತಮ್ಮ ಪತ್ರಿಕೆ 'ಹರಿಜನ'ದಲ್ಲಿ ಬರೆದಿದ್ದರು. ಮರುತಿಂಗಳೇ ಅವರು ಕೊಡಗಿಗೆ ಬಂದರು. ಮಂಜುನಾಥಯ್ಯನವರ ಗುಂಡುಕುಟ್ಟಿಯಲ್ಲಿ ಅವರ ವಾಸ್ತವ್ಯ. ಅಷ್ಟು ಹತ್ತಿರ ಬಂದವರು ತಮ್ಮ ಮನೆಗೂ ಬರಬೇಕೆಂದು ಗೌರಮ್ಮ ಉಪವಾಸ ಕುಳಿತರು. ಗಾಂಧೀಜಿ ಬಂದರು. ಒಡವೆಗಳನ್ನು ಅವರ ಕೈಗೊಪ್ಪಿಸಿದ ಇಪ್ಪತ್ತೆರಡರ ತರುಣಿಯನ್ನು, ಮನೆಯವರ ಸಮ್ಮತಿ ಇದೆಯೇ ಎಂದು ವಿಚಾರಿಸಿಕೊಂಡ ಮೇಲೆಯೇ ಅವರು ಕಾಣಿಕೆ ಸ್ವೀಕರಿಸಿದರು ಎಂಬುದು ಪ್ರಸಿದ್ಧವಾದ ಸಂಗತಿ.

ಇದನ್ನು ನಾವು ತ್ಯಾಗದ ಕಥೆಯಾಗಿ ಹೇಳುತ್ತ ಬಂದಿದ್ದೇವೆ. ನನಗೆ ಅದರಲ್ಲಿ ಬೇರೊಂದು ಮುಖ ಕಾಣುತ್ತದೆ. ಅಂದಿನ ಹೆಣ್ಣಿಗೆ ಒಡವೆ ಎಂಬುದು ಬರಿಯ ಅಲಂಕಾರವಾಗಿರಲಿಲ್ಲ. ಆಸ್ತಿಯಲ್ಲಿ ಹಕ್ಕಿಲ್ಲದ ಅವಳ ಪಾಲಿಗೆ ಅದೇ ಸ್ತ್ರೀಧನ, ಕಷ್ಟಕಾಲದ ಏಕೈಕ ಆಧಾರ. ಜೊತೆಗೆ ಅದು ಅವಳ ಮೈಮೇಲೆ ಸಮಾಜ ಬರೆದ ಬರಹವೂ ಹೌದು. ಅವಳು ಮುತ್ತೈದೆಯೋ, ವಿಧವೆಯೋ, ಯಾವ ಅಂತಸ್ತಿನ ಮನೆಯವಳೋ ಎಂಬುದನ್ನು ಒಡವೆಯಿಂದಲೇ ಜನ ಓದಿಕೊಳ್ಳುತ್ತಿದ್ದರು. ವಿಧವೆಯ ಒಡವೆಯನ್ನು ಇತರರು ಬಲವಂತದಿಂದ ಕಳಚುತ್ತಿದ್ದ ಕಾಲದಲ್ಲಿ, ಮುತ್ತೈದೆಯೊಬ್ಬಳು ತಾನಾಗಿ ತನ್ನ ಕೈಯಾರೆ ಕಳಚುವುದೆಂದರೆ ಆ ಬರಹವನ್ನು ತಿದ್ದುವ ಅಧಿಕಾರ ತನ್ನದೆಂದು ಸಾರಿದಂತೆ. ನಾನು ಏನು ತೊಡಬೇಕು, ಏನು ತೊಡಬಾರದು ಎಂಬುದನ್ನು ನಾನು ನಿರ್ಧರಿಸುತ್ತೇನೆ ಎಂಬ ನಿಲುವು ಅದು. ಕಥೆ ಬರೆಯುವಾಗಲೂ ಅವರು ಇದೇ ನಿಲುವನ್ನು ತಾಳಿದ್ದರು.

ಅವರ ಕಥೆಗಳ ಸಂಖ್ಯೆ ಹೆಚ್ಚಿಲ್ಲ. ಎಂಟು ವರ್ಷಗಳಲ್ಲಿ ಬರೆದವು ಇಪ್ಪತ್ತರ ಆಸುಪಾಸು. ವಸ್ತು ಬಹುಪಾಲು ಮನೆಯೊಳಗಿನದು. ಎಳೆಯ ವಿಧವೆಯರು, ಮೋಸ ಹೋದ ಹುಡುಗಿಯರು, ಒಲ್ಲದ ದಾಂಪತ್ಯ, ಒಲಿದವರಿಗೆ ಸಿಗದ ದಾಂಪತ್ಯ. ಅಂದು ಇಂಥ ವಸ್ತುವಿಗೆ ಎರಡು ಬಗೆಯ ಗಿರಾಕಿಗಳಿದ್ದರು. ಸಂಪ್ರದಾಯಸ್ಥರಿಗೆ ತಪ್ಪು ಮಾಡಿದವಳಿಗೆ ಶಿಕ್ಷೆಯಾಗಬೇಕು, ಸಹಿಸಿದವಳಿಗೆ ಪುಣ್ಯ ಬರಬೇಕು. ಸುಧಾರಕರಿಗೆ ವಿಧವೆಗೆ ಉದಾರ ಮನಸ್ಸಿನ ಗಂಡನೊಬ್ಬ ಸಿಕ್ಕಬೇಕು, ಕಥೆಯ ಕೊನೆಗೆ ಒಂದು ಹಿತವಚನ ಇರಬೇಕು. ಗಾಂಧೀಜಿಯ ಅನುಯಾಯಿಯಾಗಿದ್ದ ಗೌರಮ್ಮನವರಿಗೆ ಎರಡನೆಯ ದಾರಿ ಸುಲಭವಾಗಿತ್ತು. ಅದಕ್ಕೆ ಮನ್ನಣೆಯೂ ಇತ್ತು. ಅವರು ಎರಡನ್ನೂ ಬಿಟ್ಟರು.

'ವಾಣಿಯ ಸಮಸ್ಯೆ'ಯನ್ನು ನೋಡಿ. ಇಂದು ಎಂಬ ತರುಣ ವಿಧವೆ, ನೆರೆಮನೆಯ ವಾಣಿ, ವಾಣಿಯ ಗಂಡ - ಮೂವರ ನಡುವೆ ನಡೆಯುವ ಕಥೆ. ಸ್ನೇಹವಾಗಿ ಆರಂಭವಾದದ್ದು ಯಾರೂ ಬಯಸದೆಯೇ ಬೇರೆ ಬಣ್ಣ ತಳೆಯತೊಡಗಿದಾಗ ಇಂದು ಊರು ಬಿಟ್ಟು ಹೊರಟುಹೋಗುತ್ತಾಳೆ. ಇಲ್ಲಿ ಖಳರಿಲ್ಲ, ಶಿಕ್ಷೆಯಿಲ್ಲ, ಉದ್ಧಾರವೂ ಇಲ್ಲ. ವಿಧವೆಗೂ ಒಂದು ಮನಸ್ಸಿದೆ, ಆ ಮನಸ್ಸಿಗೆ ಆಸೆಯೂ ವಿವೇಕವೂ ಎರಡೂ ಇವೆ ಎಂಬುದನ್ನು ಯಾವ ಭಾಷಣವೂ ಇಲ್ಲದೆ ಕಥೆ ನಮ್ಮೆದುರು ಇಡುತ್ತದೆ. 'ಅಪರಾಧಿ ಯಾರು?' ಎಂಬ ಇನ್ನೊಂದು ಕಥೆಯ ಶೀರ್ಷಿಕೆಯೇ ಪ್ರಶ್ನೆ. ತನ್ನವರೇ ಹೊರದಬ್ಬಿದ ಹೆಣ್ಣಿನ ಪಾಡನ್ನು ಹೇಳಿ, ತೀರ್ಪನ್ನು ಓದುಗರ ಕೈಗೆ ಬಿಟ್ಟುಬಿಡುತ್ತದೆ. ತೀರ್ಪು ಕೊಡಬೇಕಾದವನು ತಾನೇ ಕಟಕಟೆಯಲ್ಲಿ ನಿಂತಿರುವುದು ಓದುಗನಿಗೆ ತಡವಾಗಿ ಅರಿವಾಗುತ್ತದೆ.

ಅವರ ಬರವಣಿಗೆಯ ರೀತಿಯೂ ಇದಕ್ಕೆ ತಕ್ಕದ್ದೇ. ಒಳ್ಳೆಯ ದರ್ಜಿ ಜರಿ, ಕಸೂತಿಗಳಿಂದಲ್ಲ, ಅಳತೆ ಮತ್ತು ಕತ್ತರಿಯಿಂದ ಗೊತ್ತಾಗುತ್ತಾನೆ. ಗೌರಮ್ಮನವರ ವಾಕ್ಯಗಳು ಚಿಕ್ಕವು, ಮನೆಮಾತಿಗೆ ಹತ್ತಿರವಾದವು. ಸಂಸ್ಕೃತ ಸಮಾಸಗಳ ಭಾರವಾಗಲಿ, ಪ್ರಕೃತಿ ವರ್ಣನೆಯ ವಿಸ್ತಾರವಾಗಲಿ ಅಲ್ಲಿಲ್ಲ. ಪತ್ರಗಳ ಮೂಲಕ ಕಥೆ ಹೇಳುವುದು ಅವರಿಗೆ ಪ್ರಿಯವಾದ ತಂತ್ರ. ಅಂಚೆಯೇ ಹೊರಲೋಕದ ಬಾಗಿಲಾಗಿದ್ದವರಿಗೆ ಅದು ಸಹಜವೂ ಹೌದು. ಎದುರು ನಿಂತು ಆಡಲಾಗದ ಮಾತನ್ನು ಹೆಣ್ಣು ಕಾಗದದ ಮೇಲೆ ಮಾತ್ರ ಆಡಬಲ್ಲಳು ಎಂಬ ಸತ್ಯವೂ ಅದರಲ್ಲಿ ಅಡಗಿದೆ. ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ಅವರ ಕಥೆಗಳು ಕಾಫಿ ಹೂವಿನ ಕಂಪನ್ನೋ, ಕೋವಿ ಮತ್ತು ಕುಪ್ಯ-ಚೇಲೆಗಳ ಬೆಡಗನ್ನೋ ನೆಚ್ಚಿ ನಿಂತವಲ್ಲ. ಕೊಡಗನ್ನು ಹೊರಗಿನವರಿಗೆ ಮಾರುವ ಸರಕಾಗಿ ಅವರು ಬಳಸಲೇ ಇಲ್ಲ. ಅವರಿಗೆ ಕಂಡದ್ದು ಮನುಷ್ಯರು, ಅವರನ್ನೇ ಬರೆದರು. ಆದರೂ ನಾಡು ಅವರನ್ನು ಕೊಡಗಿನ ಗೌರಮ್ಮ ಎಂದೇ ಕರೆಯಿತು.

ಹಾಗೆಂದು ಆರಾಧನೆ ಬೇಡ. ಗೌರಮ್ಮನವರ ಎಲ್ಲ ಕಥೆಗಳೂ ಒಂದೇ ಮಟ್ಟದವಲ್ಲ. ಕೆಲವು ಕಡೆ ಆಕಸ್ಮಿಕಗಳು ಕಥೆಯನ್ನು ಎಳೆದುಕೊಂಡು ಹೋಗುತ್ತವೆ. ಕೆಲವು ಕಡೆ ಕಣ್ಣೀರು ಅಗತ್ಯಕ್ಕಿಂತ ಬೇಗ ಉಕ್ಕುತ್ತದೆ. ಅವರ ಲೋಕ ಹೆಚ್ಚಾಗಿ ಓದು ಬರಹ ಬಲ್ಲ ಮೇಲುಜಾತಿಯ ಮನೆಗಳದ್ದು. ಅದೇ ತೋಟದಲ್ಲಿ ದುಡಿಯುತ್ತಿದ್ದ ಕೂಲಿ ಹೆಣ್ಣುಮಕ್ಕಳು ಅದರ ಅಂಚಿಗೂ ಬಂದದ್ದು ಕಡಿಮೆ. ಹತ್ತೊಂಬತ್ತರಿಂದ ಇಪ್ಪತ್ತೇಳರವರೆಗೆ ಬರೆದ ಯಾರಿಗಾದರೂ ಇವು ಸಹಜವಾದ ಮಿತಿಗಳು. ಅವನ್ನು ಮರೆಮಾಚಿದರೆ ನಾವು ಅವರಿಗೆ ಗೌರವ ತೋರಿದಂತಾಗುವುದಿಲ್ಲ. ಆದರೆ ಈ ದೋಷಗಳು ಅವರವೇ ದೋಷಗಳು. ಯಾರನ್ನೋ ಮೆಚ್ಚಿಸಲು ಹೋಗಿ ತಂದುಕೊಂಡವಲ್ಲ ಎಂಬುದನ್ನೂ ಗಮನಿಸಬೇಕು.

ಅವರ ಸ್ವಾತಂತ್ರ್ಯಕ್ಕೆ ಆಧಾರಗಳಿದ್ದವು ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಬರೆದು ಹೊಟ್ಟೆ ಹೊರೆಯಬೇಕಾದ ಅನಿವಾರ್ಯ ಅವರಿಗಿರಲಿಲ್ಲ. ಗಂಡ ಅವರ ಓದು ಬರಹಕ್ಕೆ ಅಡ್ಡಿಯಾಗಲಿಲ್ಲ. ಟೆನಿಸ್ ಆಡುವ, ಈಜುವ ಸೊಸೆಯನ್ನು ಎಲ್ಲ ಮನೆಗಳೂ ಸಹಿಸುತ್ತಿದ್ದ ಕಾಲ ಅದಲ್ಲ. ಇದಕ್ಕೆ ಹೋಲಿಸಿದರೆ ನಂಜನಗೂಡು ತಿರುಮಲಾಂಬ ಅವರ ದಾರಿ ಹೆಚ್ಚು ಕಠಿಣವಾದದ್ದು. ಬಾಲವಿಧವೆಯಾಗಿದ್ದ ಅವರು 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ತಾವೇ ಆರಂಭಿಸಿ, ತಾವೇ ಬರೆದು, ತಾವೇ ಪ್ರಕಟಿಸಿದರು. 'ಕರ್ನಾಟಕ ನಂದಿನಿ' ಎಂಬ ಪತ್ರಿಕೆಯನ್ನೂ ನಡೆಸಿದರು. ಸ್ವಂತ ಅಂಗಡಿ ತೆರೆದ ಇಂದಿನ ವಿನ್ಯಾಸಕಿಗೆ ಹಣಕಾಸಿನ ಪಾಠಕ್ಕೆ ಹತ್ತಿರವಾದವರು ತಿರುಮಲಾಂಬ. ದೃಷ್ಟಿಯ ಪಾಠಕ್ಕೆ ಹತ್ತಿರವಾದವರು ಗೌರಮ್ಮ. ಒಬ್ಬರು ತಮ್ಮ ಕೃತಿ ಓದುಗರನ್ನು ತಲುಪುವ ಮಾರ್ಗವನ್ನು ಕೈಯಲ್ಲಿಟ್ಟುಕೊಂಡರು, ಇನ್ನೊಬ್ಬರು ಕೃತಿಯ ಕೊನೆಯನ್ನು ಕೈಯಲ್ಲಿಟ್ಟುಕೊಂಡರು. ಎರಡೂ ಸ್ವಾತಂತ್ರ್ಯವೇ, ಒಂದಿದ್ದರೆ ಇನ್ನೊಂದು ತಾನಾಗಿ ಬರುವುದಿಲ್ಲ. ಮಳಿಗೆ ನಮ್ಮದೇ ಆಗಿದ್ದೂ ಅದರೊಳಗಿನ ಸರಕು ಬೇರೆಯವರ ಅಭಿರುಚಿಯದಾಗಿರಬಹುದು ಎಂಬುದನ್ನು ನಾವು ದಿನವೂ ಕಾಣುತ್ತಿದ್ದೇವೆ.

ತೋಟದ ಮನೆಯಿಂದ ಹೊರಟ ಅವರ ಕಾಗದಗಳು ಕ್ರಮೇಣ ದೂರದವರನ್ನೂ ತಲುಪಿದವು. ದ.ರಾ. ಬೇಂದ್ರೆಯವರನ್ನು ಗೌರಮ್ಮ ಅಣ್ಣನೆಂದೇ ಭಾವಿಸಿದ್ದರು. ತಮ್ಮ ಕಥಾಸಂಕಲನಕ್ಕೆ ಅವರಿಂದಲೇ ಮುನ್ನುಡಿ ಬರೆಸಬೇಕೆಂಬುದು ಅವರ ಆಸೆ. ಅದು ಈಡೇರಿದ್ದನ್ನು ನೋಡಲು ಅವರು ಉಳಿಯಲಿಲ್ಲ. 1939ರ ಏಪ್ರಿಲ್ 13ರಂದು ಈಜಲು ನೀರಿಗಿಳಿದವರು ಸುಳಿಗೆ ಸಿಲುಕಿ ಮುಳುಗಿಹೋದರು. ಗಂಡ ಮತ್ತು ಎಳೆಯ ಮಗ ಉಳಿದರು. ಬೇಂದ್ರೆಯವರು ತಂಗಿ ಗೌರಮ್ಮನನ್ನು ನೆನೆದು ಕವಿತೆ ಬರೆದರು. 'ಕಂಬನಿ', 'ಚಿಗುರು' ಎಂಬ ಎರಡು ಸಂಕಲನಗಳು ಅವರ ಮರಣಾನಂತರ ಹೊರಬಂದವು. ತಮ್ಮ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡದೆಯೇ, ಅದರ ವಿಮರ್ಶೆಯನ್ನಾಗಲಿ ಮಾರಾಟವನ್ನಾಗಲಿ ತಿಳಿಯದೆಯೇ ಹೋದ ಲೇಖಕಿ ಅವರು.

ಆ ಬಳಿಕ ಅವರ ಬದುಕು ಬೆಳೆದಷ್ಟು ಅವರ ಕಥೆಗಳ ಓದು ಬೆಳೆಯಲಿಲ್ಲ. ಚಿಕ್ಕ ವಯಸ್ಸಿನ ಸಾವು, ಗಾಂಧೀಜಿಯ ಭೇಟಿ, ವರಕವಿಯ ವಾತ್ಸಲ್ಯ - ಮೂರೂ ಸೇರಿ ಅವರ ಸುತ್ತ ಒಂದು ಪ್ರಭಾವಳಿ ಕಟ್ಟಿದವು. ಗಾಂಧೀಜಿಯ ಮೂಲಕ, ಬೇಂದ್ರೆಯ ಮೂಲಕ ಅವರನ್ನು ನೆನೆಯುವುದು ನಮಗೆ ಅಭ್ಯಾಸವಾಯಿತು. ಒಬ್ಬ ಲೇಖಕಿಯ ಯೋಗ್ಯತೆಗೆ ಇಬ್ಬರು ದೊಡ್ಡ ಗಂಡಸರ ಸಾಕ್ಷಿ ಬೇಕಾಯಿತೆ? ಇದೇ ಕಾಲದ ಕಥೆಗಾರರಾದ ಗಂಡಸರನ್ನು ನಾವು ಹೀಗೆ ನೆನೆಯುವುದಿಲ್ಲ. ಅವರ ಕಥೆಗಳ ಹೆಸರು ಹೇಳುತ್ತೇವೆ, ಪಾತ್ರಗಳ ಮಾತಾಡುತ್ತೇವೆ.

ಸಂತೋಷದ ಸಂಗತಿಯೆಂದರೆ ಈಚಿನ ವರ್ಷಗಳಲ್ಲಿ ಅವರ ಕಥೆಗಳು ಮತ್ತೆ ಹೊಸ ಓದುಗರನ್ನು ಕಂಡಿವೆ. 2023ರಲ್ಲಿ ಮಡಿಕೇರಿಯವರೇ ಆದ ದೀಪಾ ಭಾಸ್ತಿ ಅವುಗಳನ್ನು 'ಫೇಟ್ಸ್ ಗೇಮ್' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಅನುವಾದಿಸಿ ಪುಸ್ತಕವಾಗಿ ಹೊರತಂದರು. ಎರಡು ವರ್ಷಗಳ ನಂತರ, 2025ರಲ್ಲಿ, ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕಾಗಿ ಮೂಲ ಲೇಖಕಿಯೊಂದಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವರೂ ಇವರೇ. ಮನೆಯೊಳಗಿನ ಹೆಣ್ಣಿನ ಪಾಡನ್ನು ಯಾರ ಅಪ್ಪಣೆಯನ್ನೂ ಕೇಳದೆ ಬರೆದ ಇಬ್ಬರು ಕನ್ನಡ ಕಥೆಗಾರ್ತಿಯರು ಒಬ್ಬರೇ ಅನುವಾದಕಿಯ ಕೈಯಲ್ಲಿ ಹೊರಲೋಕಕ್ಕೆ ಪರಿಚಯವಾದದ್ದು ಯೋಚಿಸತಕ್ಕ ಸಂಗತಿ. ತೊಂಬತ್ತು ವರ್ಷಗಳ ಹಿಂದೆ ಸುಂಟಿಕೊಪ್ಪದ ತೋಟದ ಮನೆಯಲ್ಲಿ ಕುಳಿತು ಬರೆದದ್ದು ಇಂದಿಗೂ ಸಲ್ಲುತ್ತಿದ್ದರೆ ಅದಕ್ಕೆ ಕಾರಣ ಲೇಖಕಿಯ ದಾರುಣ ಮರಣವಲ್ಲ. ಅಂದಿನ ಗಿರಾಕಿಯ ಅಳತೆಗೆ ಹೊಲಿದ ಉಡುಪು ಆ ಗಿರಾಕಿಯೊಂದಿಗೇ ಹಳತಾಗುತ್ತದೆ. ಮನುಷ್ಯರ ಅಳತೆಗೆ ಹೊಲಿದದ್ದು ಉಳಿಯುತ್ತದೆ.

ದೃಷ್ಟಿಗೆ ನಿಷ್ಠವಾಗಿರುವುದು ಎಂದರೆ ಲೋಕವನ್ನು ಧಿಕ್ಕರಿಸಿ ಕೂರುವುದಲ್ಲ ಎಂಬುದನ್ನು ಈ ಬದುಕಿನಿಂದ ನಾನು ತಿಳಿದುಕೊಂಡಿದ್ದೇನೆ. ಗೌರಮ್ಮ ಸಂಸಾರ ಬಿಡಲಿಲ್ಲ, ಊರು ಬಿಡಲಿಲ್ಲ, ಗಂಡನ ಹೆಸರನ್ನೂ ಬಿಡಲಿಲ್ಲ. ಬಿಡಬಾರದ ಒಂದೇ ಸಂಗತಿ ಯಾವುದೆಂದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು: ತಮ್ಮ ಪಾತ್ರಗಳಿಗೆ ಸುಳ್ಳು ಕೊನೆಯನ್ನು ಕೊಡಬಾರದು. ಮಿಕ್ಕದ್ದರಲ್ಲಿ ಹೊಂದಿಕೊಂಡರು, ಇದರಲ್ಲಿ ಹೊಂದಿಕೊಳ್ಳಲಿಲ್ಲ. ಸ್ವಂತ ಹೆಸರಿನಲ್ಲಿ ಏನನ್ನಾದರೂ ಮಾಡಹೊರಟ ಪ್ರತಿಯೊಬ್ಬರೂ, ಅದು ಸೀರೆಯಾಗಲಿ ಸಿನಿಮಾ ಆಗಲಿ, ಇಂಥ ಒಂದೇ ಸಂಗತಿ ತಮಗೆ ಯಾವುದೆಂದು ಮೊದಲು ಕಂಡುಕೊಳ್ಳಬೇಕಾಗುತ್ತದೆ. ಎಲ್ಲವನ್ನೂ ಹಿಡಿದುಕೊಳ್ಳಲು ಹೋದವರು ಅದನ್ನೂ ಕಳೆದುಕೊಳ್ಳುತ್ತಾರೆ.

ನಮ್ಮ ಶಾಲೆ ಕಾಲೇಜುಗಳಲ್ಲಿ ಗೌರಮ್ಮನವರ ಪ್ರಸ್ತಾಪ ಬಂದಾಗ ಒಡವೆಯ ಪ್ರಸಂಗವನ್ನು ಒಂದು ವಾಕ್ಯಕ್ಕೆ ಇಳಿಸಿ, ಉಳಿದ ಹೊತ್ತನ್ನು 'ವಾಣಿಯ ಸಮಸ್ಯೆ'ಯ ಓದಿಗೆ ಕೊಟ್ಟರೆ ಸಾಕು. ಇಂದು ಏಕೆ ಊರು ಬಿಟ್ಟಳು ಎಂದು ಹದಿನೇಳರ ಹುಡುಗಿಯೊಬ್ಬಳು ತರಗತಿಯಲ್ಲಿ ವಾದಕ್ಕಿಳಿದರೆ, ಆ ಕಥೆಗಾರ್ತಿಗೆ ಸಲ್ಲಬೇಕಾದ ಗೌರವ ಸಂದಂತೆ.